ಭೂವೇಗ ಸ್ಪರ್ಧಾ ಕಾರುಗಳ ಅಗ್ನಿಶಾಮಕ ವ್ಯವಸ್ಥೆ

ಭೂವೇಗ ಸ್ಪರ್ಧಾ ಕಾರುಗಳ ಅಗ್ನಿಶಾಮಕ ವ್ಯವಸ್ಥೆಯು ನೆಲದ ಮೇಲಿನ ವೇಗದ ದಾಖಲೆಗಾಗಿ ಓಡುವ ಕಾರುಗಳಲ್ಲಿ ಸ್ಥಿರವಾಗಿ ಅಳವಡಿಸುವ ಸುರಕ್ಷತಾ ಸಾಧನವಾಗಿದೆ. ಒತ್ತಡದಲ್ಲಿ ನಂದಕವನ್ನು ತುಂಬಿದ ಸಿಲಿಂಡರ್, ಅದನ್ನು ಸಾಗಿಸುವ ಕೊಳವೆಗಳು, ಸಿಂಪಡಿಸುವ ನಾಝಲ್‌ಗಳು ಮತ್ತು ಎಳೆಯುವ ಹಿಡಿ ಇದರ ಮುಖ್ಯ ಭಾಗಗಳು. ಕಾರನ್ನು ಉಳಿಸುವುದು ಇದರ ಮೊದಲ ಉದ್ದೇಶವಲ್ಲ. ಕಾರು ನಿಂತು ಚಾಲಕನು ಹೊರಬರುವವರೆಗೆ ಬೆಂಕಿಯನ್ನು ತಡೆದಿಡುವುದೇ ಇದರ ಉದ್ದೇಶವಾಗಿದೆ.

ಹಿನ್ನೆಲೆ

ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪುಬಯಲು ಭೂವೇಗ ಸ್ಪರ್ಧೆಗಳಿಗೆ ಪ್ರಸಿದ್ಧವಾದ ಸ್ಥಳ. ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ 1949ರಲ್ಲಿ ಇಲ್ಲಿ ‘ಸ್ಪೀಡ್ ವೀಕ್’ ಸ್ಪರ್ಧೆಯನ್ನು ಆರಂಭಿಸಿತು. ಇಲ್ಲಿನ ಓಟದ ಹಾದಿ ಹಲವು ಮೈಲಿ ಉದ್ದವಿರುತ್ತದೆ. ಗಂಟೆಗೆ 480 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 133 ಮೀಟರ್ ಕ್ರಮಿಸುತ್ತದೆ. ಆದ್ದರಿಂದ ಬೆಂಕಿ ಹೊತ್ತಿಕೊಂಡ ಕಾರು ಪ್ಯಾರಾಚೂಟ್ ಬಿಚ್ಚಿ ನಿಲ್ಲುವಷ್ಟರಲ್ಲಿ ರಕ್ಷಣಾ ವಾಹನದಿಂದ ಬಹುದೂರ ಸಾಗಿರಬಹುದು.

‘ಸ್ಟ್ರೀಮ್‌ಲೈನರ್’ ಎಂಬ ನೀಳ ದೇಹದ ಕಾರುಗಳಲ್ಲಿ ಚಾಲಕನು ಪಟ್ಟಿಗಳಿಂದ ಬಿಗಿಯಲ್ಪಟ್ಟು, ಇಕ್ಕಟ್ಟಾದ ಜಾಗದಲ್ಲಿ ಬಹುಮಟ್ಟಿಗೆ ಮಲಗಿದಂತೆ ಕುಳಿತಿರುತ್ತಾನೆ. ಎಸ್‌ಎಫ್‌ಐ 3.2ಎ ಮಾನದಂಡದ ಅತ್ಯುನ್ನತ ದರ್ಜೆಯ (20) ಉಡುಪು ಪ್ರಯೋಗಾಲಯದ ಪರೀಕ್ಷೆಯಲ್ಲಿ ಎರಡನೇ ದರ್ಜೆಯ ಸುಟ್ಟಗಾಯವನ್ನು ಸುಮಾರು 40 ಸೆಕೆಂಡುಗಳ ಕಾಲ ತಡೆಯುತ್ತದೆ. ಆ ಅಲ್ಪ ಅವಧಿಗೆ ಇನ್ನಷ್ಟು ಸೆಕೆಂಡುಗಳನ್ನು ಕೂಡಿಸುವುದೇ ಅಗ್ನಿಶಾಮಕ ವ್ಯವಸ್ಥೆಯ ಕಾರ್ಯ.

ನಂದಕದ ಆಯ್ಕೆ

ಹ್ಯಾಲಾನ್ 1301 ಅನಿಲವು ದಹನದ ಸರಪಳಿ ಕ್ರಿಯೆಯನ್ನು ತುಂಡರಿಸಿ, ಅಲ್ಪ ಪ್ರಮಾಣದಲ್ಲಿಯೇ ಬೆಂಕಿಯನ್ನು ಆರಿಸುತ್ತದೆ. ಆದರೆ ಅದು ಓಝೋನ್ ಪದರಕ್ಕೆ ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದದ ಅನ್ವಯ ಮುಂದುವರಿದ ದೇಶಗಳಲ್ಲಿ ಇದರ ಉತ್ಪಾದನೆ 1994ರ ಆರಂಭದ ಹೊತ್ತಿಗೆ ನಿಂತಿತು. ಅದರ ಬದಲಿಗೆ ಬಂದ ಎಚ್‌ಎಫ್‌ಸಿ-236ಎಫ್‌ಎ ಓಝೋನಿಗೆ ಹಾನಿ ಮಾಡದಿದ್ದರೂ ಪ್ರಬಲವಾದ ಹಸಿರುಮನೆ ಅನಿಲವಾಗಿದೆ. ನೊವೆಕ್ 1230 ಎಂಬ ಹೆಸರಿನಿಂದ ಪರಿಚಿತವಾದ ದ್ರವವು ಈ ದೋಷದಿಂದ ಬಹುಮಟ್ಟಿಗೆ ಮುಕ್ತವಾಗಿದೆ.

ನೀರಿನಲ್ಲಿ ಬೆರೆಸಿದ ‘ಎಎಫ್‌ಎಫ್‌ಎಫ್’ ನೊರೆಯು ಇಂಧನದ ಮೇಲೆ ತೆಳುಪೊರೆಯಂತೆ ಹರಡುವುದಲ್ಲದೆ ಕಾದ ಲೋಹವನ್ನು ತಂಪಾಗಿಸುತ್ತದೆ. ಹೀಗಾಗಿ ಬೆಂಕಿ ಮರಳಿ ಹೊತ್ತಿಕೊಳ್ಳುವ ಸಂಭವ ಕಡಿಮೆ. ಅನಿಲವಾದರೋ ಮರೆಯ ಮೂಲೆಗಳನ್ನೂ ಹೊಗುತ್ತದೆ, ಆದರೆ ಗಾಳಿಯ ರಭಸಕ್ಕೆ ಬೇಗನೆ ಚದುರಿಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಬೆಂಕಿಯನ್ನು ಆರಿಸಲು ಗಾಳಿಯಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಬೇಕಾಗುತ್ತದೆ. ಮುಚ್ಚಿದ ಚಾಲಕ ಕೋಣೆಯಲ್ಲಿ ಆ ಪ್ರಮಾಣ ಪ್ರಾಣಾಂತಿಕವಾದುದರಿಂದ ಅದು ಅಲ್ಲಿಗೆ ತಕ್ಕುದಲ್ಲ.

ಇಂಧನವನ್ನೂ ಗಮನಿಸಬೇಕು. ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬಹುದು. ಅದು ನೀರಿನಲ್ಲಿ ಬೆರೆಯುವುದರಿಂದ ಸಾಮಾನ್ಯ ನೊರೆಯ ಪೊರೆಯನ್ನು ಒಡೆಯುತ್ತದೆ. ಅದಕ್ಕೆ ಮದ್ಯಸಾರ ನಿರೋಧಕ ನೊರೆ ಬೇಕು. ಹೊತ್ತಿ ಉರಿಯುವ ಮೆಗ್ನೀಸಿಯಮ್ ಭಾಗಗಳನ್ನು ಇವು ಯಾವುವೂ ಆರಿಸಲಾರವು.

ಕೊಳವೆಗಳ ಜೋಡಣೆ

ಸಿಲಿಂಡರನ್ನು ರಕ್ಷಣಾ ಪಂಜರದ ಒಳಗೆ, ಇಂಧನ ತೊಟ್ಟಿ ಮತ್ತು ಹೊಗೆ ಕೊಳವೆಗಳಿಂದ ದೂರದಲ್ಲಿ, ಲೋಹದ ಪಟ್ಟಿಗಳಿಂದ ಚೌಕಟ್ಟಿಗೆ ಬಿಗಿಯಬೇಕು. ಪ್ಯಾರಾಚೂಟ್ ತೆರೆದಾಗ ಕಾರಿನ ವೇಗ ಥಟ್ಟನೆ ತಗ್ಗಿ, ಸಿಲಿಂಡರಿನೊಳಗಿನ ದ್ರವ ಮುಂದಕ್ಕೆ ನುಗ್ಗುತ್ತದೆ. ಒಳಗಿನ ಹೀರುನಳಿಗೆ ಆಗ ದ್ರವಕ್ಕೆ ಬದಲಾಗಿ ಬರಿಯ ಒತ್ತಡದ ಅನಿಲ ಸಿಗಬಾರದು. ಆದ್ದರಿಂದ ತಯಾರಕರು ಸೂಚಿಸಿದ ದಿಕ್ಕಿನಲ್ಲಿಯೇ ಸಿಲಿಂಡರನ್ನು ಕೂರಿಸುವುದು ಅಗತ್ಯ.

ಕೊಳವೆಗಳು ಲೋಹದವು ಇಲ್ಲವೆ ಲೋಹದ ಹೆಣಿಗೆಯುಳ್ಳವು ಆಗಿರಬೇಕು. ಪ್ಲಾಸ್ಟಿಕ್ ಕೊಳವೆ ಬೇಕಾದ ಹೊತ್ತಿಗೆ ಕರಗಿಹೋದೀತು. ಹಾದಿ ಚಿಕ್ಕದಾಗಿರಬೇಕು, ಬಾಗುಗಳು ವಿಶಾಲವಾಗಿರಬೇಕು. ಕತ್ತರಿಸಿದ ಕೊಳವೆಯೊಳಗಿನ ಲೋಹದ ಚೂರುಗಳನ್ನು ಜೋಡಣೆಗೆ ಮೊದಲೇ ಊದಿ ತೆಗೆಯದಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಹೆಚ್ಚು ನಾಝಲ್‌ಗಳಿದ್ದರೆ ಹೆಚ್ಚು ರಕ್ಷಣೆ ಎಂಬ ಭಾವನೆ ಸರಿಯಲ್ಲ. ನಿಗದಿತ ಸಂಖ್ಯೆಯನ್ನು ಮೀರಿದರೆ ಒತ್ತಡ ಹಂಚಿಹೋಗಿ ಪ್ರತಿಯೊಂದರ ಸಿಂಪಡಣೆಯೂ ಕುಗ್ಗುತ್ತದೆ.

ಎಂಜಿನ್ ಭಾಗದಲ್ಲಿ ಇಂಧನ ಸೋರಬಹುದಾದ ಜಾಗಗಳತ್ತ ನಾಝಲ್‌ಗಳನ್ನು ತಿರುಗಿಸಲಾಗುತ್ತದೆ. ಚಾಲಕ ಕೋಣೆಯಲ್ಲಿ ಅವು ಕಾಲು ಮತ್ತು ಮುಂಡದ ಕಡೆಗಿರಬೇಕು. ಮುಖಕ್ಕೆ ಎರಚಿದರೆ ದೃಷ್ಟಿಗೆ ಅಡ್ಡಿಯಾಗುತ್ತದೆ. ಎಂಜಿನ್ನಿಗೂ ಚಾಲಕನಿಗೂ ಬೇರೆ ಬೇರೆ ಸಿಲಿಂಡರ್‌ಗಳಿದ್ದರೆ ಒಂದು ಬರಿದಾದರೂ ಇನ್ನೊಂದು ಉಳಿದಿರುತ್ತದೆ. ಇವೆರಡರ ನಡುವಿನ ಅಗ್ನಿನಿರೋಧಕ ಗೋಡೆಯಲ್ಲಿ ಕೊಳವೆ ಹಾಯುವ ರಂಧ್ರವನ್ನು ಭದ್ರವಾಗಿ ಮುಚ್ಚಬೇಕು. ಇಲ್ಲವಾದರೆ ಆ ರಂಧ್ರವೇ ಬೆಂಕಿಗೆ ದಾರಿಯಾಗುತ್ತದೆ.

ಚಾಲನೆ ಮತ್ತು ನಿರ್ವಹಣೆ

ಎಳೆಯುವ ಕೇಬಲ್, ವಿದ್ಯುತ್ ಗುಂಡಿ ಅಥವಾ ಶಾಖಕ್ಕೆ ಸ್ಪಂದಿಸುವ ಸಾಧನದಿಂದ ವ್ಯವಸ್ಥೆಯನ್ನು ಚಾಲನೆಗೊಳಿಸಬಹುದು. ಪಟ್ಟಿಗಳನ್ನು ಬಿಗಿದು ಕುಳಿತ ಚಾಲಕನ ಕೈಗೆ ಹಿಡಿ ಎಟುಕಲೇಬೇಕು. ಇಂಧನದ ಹರಿವನ್ನು ಮೊದಲು ತಡೆಯದಿದ್ದರೆ ಆರಿದ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ.

ಒತ್ತಡ ಮಾಪಕವನ್ನು ಓಟದ ಮುನ್ನ ನೋಡಬೇಕು. ಸಾರಜನಕದ ಒತ್ತಡದಿಂದ ತುಂಬಿದ ಸಿಲಿಂಡರ್‌ಗಳಲ್ಲಿ ಮಾಪಕವು ಒತ್ತಡವನ್ನಷ್ಟೇ ತೋರಿಸುತ್ತದೆಯೇ ಹೊರತು ನಂದಕದ ಪ್ರಮಾಣವನ್ನಲ್ಲ. ಅದಕ್ಕಾಗಿ ತೂಗಿ ನೋಡಬೇಕು. ಎಸ್‌ಎಫ್‌ಐ 17.1 ಮಾನದಂಡದ ವ್ಯವಸ್ಥೆಗಳನ್ನು ಎರಡು ವರ್ಷಗಳಿಗೊಮ್ಮೆ ಮರುಪ್ರಮಾಣೀಕರಿಸಬೇಕಾಗುತ್ತದೆ. ಕಾರನ್ನು ನಿಲ್ಲಿಸಿರುವಾಗ ಹಾಕಿಡುವ ಸುರಕ್ಷತಾ ಪಿನ್ನನ್ನು ಓಟಕ್ಕೆ ಮುನ್ನ ತೆಗೆಯಲು ಮರೆತರೆ ಉಳಿದೆಲ್ಲ ಸಿದ್ಧತೆಯೂ ವ್ಯರ್ಥವಾಗುತ್ತದೆ.