ಮುರಕಲ್ಲಿನ ಗೋಡೆಗೆ ಕಾಣದ ಆಧಾರದ ಮರದ ಷೆಲ್ಫ್

ಬ್ರಾಕೆಟ್ಟಾಗಲಿ ತಿರುಪುಮೊಳೆಯಾಗಲಿ ಕಣ್ಣಿಗೆ ಬೀಳದಂತೆ, ಗೋಡೆಯಿಂದಲೇ ಹೊರಟು ನಿಂತಂತೆ ತೋರುವ ಮರದ ಷೆಲ್ಫ್‌ಗಳನ್ನು ಗ್ರಾಹಕರು ಇಷ್ಟಪಟ್ಟು ಕೊಳ್ಳುತ್ತಾರೆ. ಇವುಗಳೊಡನೆ ಪೊಟ್ಟಣದಲ್ಲಿ ಬರುವ ಪ್ಲಾಸ್ಟಿಕ್ ಪ್ಲಗ್ಗುಗಳು ಸಾಮಾನ್ಯವಾಗಿ ಕಾಂಕ್ರೀಟ್ ಅಥವಾ ಗಟ್ಟಿ ಇಟ್ಟಿಗೆಯ ಗೋಡೆಯನ್ನು ಉದ್ದೇಶಿಸಿದವು. 2022ರ ‘ಕಾಂತಾರ’ ಚಲನಚಿತ್ರದಿಂದ ಹೊರನಾಡಿಗೂ ಪರಿಚಿತವಾದ ಕೆರಾಡಿಯೂ ಸೇರಿದಂತೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಊರುಗಳಲ್ಲಿ ಮನೆಗೋಡೆ ಹೆಚ್ಚಾಗಿ ಮುರಕಲ್ಲಿನದು. ಹಲಗೆ ಕಳಚಿ ಬಿದ್ದಾಗ ಗ್ರಾಹಕನು ದೂರುವುದು ಕಲ್ಲನ್ನಲ್ಲ, ಮಾರಿದ ಅಂಗಡಿಯನ್ನು.

ಫ್ರಾನ್ಸಿಸ್ ಬುಕಾನನ್ ತಮ್ಮ 1807ರ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದವೇ ಅದಕ್ಕೆ ಮೂಲ. ಪಣೆಯಲ್ಲಿ ಕತ್ತರಿಸುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಆದರೂ ಒಳಗೆ ರಂಧ್ರಗಳು, ಮೆದು ಮಣ್ಣಿನ ಎಳೆಗಳು ಉಳಿದಿರುತ್ತವೆ. ಒಂದೇ ಗೋಡೆಯ ಎರಡು ಕಲ್ಲುಗಳು ಒಂದೇ ಬಲದವಾಗಿರಬೇಕೆಂದಿಲ್ಲ. 1958ರಲ್ಲಿ ಜರ್ಮನಿಯ ಆರ್ಥರ್ ಫಿಶರ್ ರೂಪಿಸಿದ ನೈಲಾನ್ ಪ್ಲಗ್ ತಿರುಪು ಒಳಹೊಕ್ಕಂತೆ ಹಿಗ್ಗಿ ರಂಧ್ರದ ಬದಿಗಳನ್ನು ಒತ್ತಿ ಹಿಡಿಯುತ್ತದೆ. ಬದಿಯೇ ಪುಡಿಯಾದರೆ ಒತ್ತಲು ಏನೂ ಉಳಿಯುವುದಿಲ್ಲ.

ಇಲ್ಲಿ ಭಾರದ ಲೆಕ್ಕವನ್ನು ತಿಳಿಯುವುದು ಅಗತ್ಯ. 20 ಸೆಂ.ಮೀ. ಅಗಲದ ಹಲಗೆಯ ಮೇಲೆ, ಅದರ ಸ್ವಂತ ತೂಕವೂ ಸೇರಿ, 12 ಕಿಲೋ ಸಮನಾಗಿ ಹರಡಿದೆ ಎನ್ನೋಣ. ಭಾರದ ಕೇಂದ್ರ ಗೋಡೆಯಿಂದ 10 ಸೆಂ.ಮೀ. ದೂರದಲ್ಲಿರುತ್ತದೆ. ಹಲಗೆಯೊಳಗೆ ಅಡಗುವ ಉಕ್ಕಿನ ಪಟ್ಟಿಯ ಕೆಳ ಅಂಚಿನಿಂದ ತಿರುಪುಗಳಿಗೆ 3 ಸೆಂ.ಮೀ. ಅಂತರವಿದ್ದರೆ, ಆ ತಿರುಪುಗಳನ್ನು ಒಟ್ಟಾಗಿ ಹೊರಗೆಳೆಯುವ ಬಲ ಸುಮಾರು 40 ಕಿಲೋ. ಅದೇ ಭಾರಕ್ಕೆ ಹಲಗೆಯ ಅಗಲ 30 ಸೆಂ.ಮೀ. ಆದರೆ ಎಳೆತ 60 ಕಿಲೋ. ಸಾಮಾನನ್ನು ಹೊರ ಅಂಚಿಗೆ ಇಟ್ಟರೆ ಇನ್ನೂ ಹೆಚ್ಚು. ಆದುದರಿಂದ ‘ಇಷ್ಟು ಕಿಲೋ ತಾಳುತ್ತದೆ’ ಎಂದಷ್ಟೇ ಪೊಟ್ಟಣದ ಮೇಲೆ ಮುದ್ರಿಸುವುದು ಅರ್ಧ ಮಾಹಿತಿ; ಯಾವ ಅಗಲಕ್ಕೆ, ಯಾವ ಗೋಡೆಗೆ ಎಂಬುದೂ ಬೇಕು.

ಮುರಕಲ್ಲಿಗೆ ರಂಧ್ರ ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಬಳಸದಿರುವುದೇ ಒಳಿತು. ಬಡಿತಕ್ಕೆ ರಂಧ್ರ ಹಿಗ್ಗುತ್ತದೆ. ಸಾರಣೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯದೆ ಪ್ಲಗ್ ಪೂರ್ತಿ ಕಲ್ಲಿನೊಳಗೇ ಕೂರಬೇಕು. ಕಲ್ಲುಗಳ ನಡುವಿನ ಸಂದು ಕೆಲಸಕ್ಕೆ ಬಾರದು, ಹಳೆಯ ಮನೆಯ ಮಣ್ಣುಗಾರೆಯ ಸಂದಂತೂ ಸರ್ವಥಾ ಸಲ್ಲದು. ಕೊರೆದಾಗ ಪುಡಿ ಸಡಿಲವಾಗಿ ಸುರಿದರೆ ಪ್ಲಗ್ಗನ್ನು ನೆಚ್ಚದೆ, ಜಾಲರಿ ತೋಳಿನೊಳಗೆ ರಾಸಾಯನಿಕ ಅಂಟು ತುಂಬಿ ಸಲಾಕೆಯನ್ನು ಕೂರಿಸಬೇಕು. ಅಂಟು ಹಿಗ್ಗಿ ಒತ್ತುವುದಿಲ್ಲ, ರಂಧ್ರಗಳೊಳಗೆ ಹರಿದು ಕಚ್ಚಿಕೊಳ್ಳುತ್ತದೆ. ಖರ್ಚು ಹೆಚ್ಚು, ಗಟ್ಟಿಯಾಗುವವರೆಗೆ ಕಾಯಲೂ ಬೇಕು.

ಸಣ್ಣ ಉತ್ಪಾದಕರಿಗೆ ಇದಕ್ಕಿಂತ ಅನುಕೂಲವಾದುದು ಪೊಳ್ಳು ಪೆಟ್ಟಿಗೆಯಂತಹ ಷೆಲ್ಫ್. ಗೋಡೆಗೆ ಉದ್ದಕ್ಕೂ ಒಂದು ಮರದ ಪಟ್ಟಿಯನ್ನು ಬಿಗಿದು, ಅದರ ಮೇಲೆ ಪೆಟ್ಟಿಗೆಯನ್ನು ತೂರಿಸಿ, ಮೇಲಿನಿಂದ ಸಣ್ಣ ತಿರುಪು ಹಾಕಿದರಾಯಿತು. ಎಳೆತವು ನಾಲ್ಕೈದು ಕಲ್ಲುಗಳಿಗೆ ಹಂಚಿಹೋಗುತ್ತದೆ. ಒಂದು ಕಲ್ಲು ಕೈಕೊಟ್ಟರೂ ಉಳಿದವು ಹಿಡಿದಿರುತ್ತವೆ. ಪೆಟ್ಟಿಗೆ ಹಗುರವೂ ಹೌದು.

ಗಟ್ಟಿ ಹಲಗೆಯೇ ಬೇಕೆನ್ನುವವರಿಗೆ ಮಳೆಗಾಲವನ್ನು ನೆನಪಿಸಬೇಕು. ಹಲಸು, ಸಾಗುವಾನಿ ಯಾವುದೇ ಆಗಲಿ, ಮರವು ತೇವ ಹೀರಿ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಲಾಕೆ ಹೋಗುವ ರಂಧ್ರವನ್ನು ಕೂದಲೆಳೆಯಷ್ಟು ಸಡಿಲ ಬಿಡದೆ ಅಂಟಿನಿಂದ ಬಿಗಿದರೆ ಹಲಗೆ ಸೀಳಬಹುದು. ರಬ್ಬರ್ ಮರವು ಅಗ್ಗವಾದರೂ ಬೋರಾನ್ ಉಪಚಾರವಿಲ್ಲದೆ ಹುಳು ಹಿಡಿಯುತ್ತದೆ. ಉಕ್ಕಿನ ವಿಷಯದಲ್ಲಿ ಕರಾವಳಿಯ ಉಪ್ಪುಗಾಳಿಗೆ ತೆಳು ಸತುವಿನ ಲೇಪ ಬಹುಕಾಲ ನಿಲ್ಲದು. ಆಧಾರವು ಅಡಗಿರುವುದರಿಂದ ತುಕ್ಕು ಕಾಣುವುದೂ ಇಲ್ಲ. ಸ್ಟೇನ್‌ಲೆಸ್ ತಿರುಪುಗಳ ಹೆಚ್ಚುವರಿ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ತೋರಿಸಿ, ಕಾರಣವನ್ನು ಗ್ರಾಹಕರಿಗೆ ಮೊದಲೇ ತಿಳಿಸುವುದು ಮೇಲು.