ನಿಮಗಿದು ಗೊತ್ತೆ? ಸೋನ್ ಮಹಾಶಯನ ಮನೆ

ಲಂಡನ್ನಿಗೆ ಹೋದವರು ಬ್ರಿಟಿಷ್ ಮ್ಯೂಸಿಯಮ್ಮಿನ ವಿಸ್ತಾರದಲ್ಲಿ ಕಾಲು ಸೋತು ಹಿಂದಿರುಗುವುದು ವಾಡಿಕೆ. ಆದರೆ ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿಯೇ, ಲಿಂಕನ್ಸ್ ಇನ್ ಫೀಲ್ಡ್ಸ್ ಚೌಕದ ಅಂಚಿನಲ್ಲಿ, ಇಟ್ಟಿಗೆ ಕೆಲಸದವನ ಮಗನಾಗಿ ಜನಿಸಿ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯ ಪದವಿಗೇರಿದ ಸರ್ ಜಾನ್ ಸೋನನ ನಿವಾಸವಿರುವುದು ಬಹುಮಂದಿಗೆ ತಿಳಿಯದು. 1837ರಲ್ಲಿ ಆತನು ಗತಿಸಿದಾಗ ಮನೆಯು ಹೇಗಿದ್ದಿತೋ ಹಾಗೆಯೇ ಅದನ್ನು ರಕ್ಷಿಸತಕ್ಕದ್ದೆಂದು 1833ರಲ್ಲೇ ಪಾರ್ಲಿಮೆಂಟಿನ ಶಾಸನವಾಗಿತ್ತು. ಮಗನೊಡನೆ ಇದ್ದ ವೈಮನಸ್ಯದಿಂದ, ಮನೆಯು ಅವನ ಪಾಲಾಗಬಾರದೆಂದು ಸೋನನು ಬಯಸಿದ್ದೂ ಈ ಶಾಸನಕ್ಕೊಂದು ಕಾರಣ.

ನೆಲಮಾಳಿಗೆಯಲ್ಲಿರುವುದು ಈಜಿಪ್ಟಿನ ದೊರೆ ಒಂದನೆಯ ಸೇಟಿಯ ಶವಪೇಟಿಕೆ. ದೀಪವಿರಿಸಿದರೆ ಬೆಳಕು ಹಾಯುವಂತಹ ಶಿಲೆಯಲ್ಲಿ ಕಡೆದ ಈ ಪೇಟಿಕೆಗೆ 2000 ಪೌಂಡು ತೆರಲು ಬ್ರಿಟಿಷ್ ಮ್ಯೂಸಿಯಂ ಹಿಂಜರಿಯಲು, ಸೋನನು 1824ರಲ್ಲಿ ಅದನ್ನು ಕೊಂಡು ತಂದು, ಮರುವರ್ಷ ಮೂರು ಸಂಜೆ ದೀಪಗಳ ನಡುವೆ ಅತಿಥಿಗಳಿಗೆ ಪ್ರದರ್ಶಿಸಿದನು. ಶವಪೇಟಿಕೆಗೆ ಉತ್ಸವ ನಡೆಸಿದವರು ವಿರಳವೇ ಸರಿ!

ಚಿತ್ರಶಾಲೆಯ ಗೋಡೆಗಳೋ ಕದಗಳಂತೆ ತೆರೆಯುವಂಥವು. ಒಂದರ ಹಿಂದೊಂದು ಪದರವಾಗಿ, ಸಣ್ಣದೊಂದು ಕೋಣೆಯಲ್ಲಿ ನೂರಕ್ಕೂ ಮಿಗಿಲಾದ ಚಿತ್ರಗಳು ಅಡಗಿವೆ. ದುಂದುಗಾರನೊಬ್ಬನ ಪತನವನ್ನು ಕಲಾವಿದ ಹೋಗಾರ್ತನು ಚಿತ್ರಿಸಿದ 8 ಪಟಗಳೂ ಅಲ್ಲಿಯೇ.

ಈ ಮನೆಯ ಪ್ರವೇಶಕ್ಕೆ ಶುಲ್ಕವಿಲ್ಲ.