ಅಜ್ಜನ ಕ್ಯಾಲೆಂಡರ್‌ನಲ್ಲಿ ಎಷ್ಟು ದಿನ ಮಳೆ ಬಂದಿತ್ತು?

(ಈ ವಾರದ ಸಂಚಿಕೆಯ ಬರಹ ರೂಪ)

ಮಾತಾಡ್ತಿರೋದು ಶಿವಮೊಗ್ಗದ ನವುಲೆಯಿಂದ. ಹಿಂದೆ ಸವಳಂಗ ರಸ್ತೆಯ ಗಾಡಿಗಳ ಸದ್ದು ಕೇಳಿಸಿದ್ರೆ ಸಹಿಸ್ಕೊಳ್ಳಿ, ಕಿಟಕಿ ತೆರೆದೇ ರೆಕಾರ್ಡ್ ಮಾಡ್ತಿದ್ದೀನಿ. ಮಳೆಗಾಲದ ಎರಚಲು ನಿಂತು, ಕಿಟಕಿ ತೆರೆದಿಡೋ ದಿನಗಳು ಈಗಷ್ಟೇ ಶುರುವಾಗಿವೆ.

ಈ ಟೈಮಲ್ಲಿ ಫೋನ್ ತುಂಬಾ ‘ಆಟಮ್’ ರೀಲ್ಸ್. ಕಿತ್ತಳೆ ಬಣ್ಣದ ಎಲೆ, ಸ್ವೆಟರ್, ಕಾಫಿ ಕಪ್ಪು. ನಮ್ಮಲ್ಲಿ ಎಲೆ ಉದುರೋದು ಶಿಶಿರದಲ್ಲಿ, ಅಂದ್ರೆ ಜನವರಿ, ಫೆಬ್ರವರಿ ಹೊತ್ತಿಗೆ. ಹಾಗಾದ್ರೆ ನಮಗೆ ಆಟಮ್ ಇಲ್ವಾ? ಇದೆ, ಹೆಸರು ಶರತ್. ಆಶ್ವಯುಜ, ಕಾರ್ತೀಕ ಎರಡು ತಿಂಗಳು. ನವರಾತ್ರಿಗೆ ಶರನ್ನವರಾತ್ರಿ ಅನ್ನೋದು ಅದಕ್ಕೇ. ಆದರೆ ಯುರೋಪಿನ ಹಾಗೆ ಬೇಸಿಗೆ ಮುಗಿದ ತಕ್ಷಣ ಅದು ಬರಲ್ಲ. ನಡುವೆ ವರ್ಷ ಋತು, ಅಂದ್ರೆ ಇಡೀ ಮಳೆಗಾಲ ಕೂತಿದೆ.

ಆ ಮಳೆಗಾಲಕ್ಕೆ ನಮ್ಮ ಹಿರಿಯರ ಹತ್ರ ಒಂದು ಲೆಕ್ಕ ಇತ್ತು. ನಾನು ಬಿಕಾಂ ಓದಿದವನು, ನನಗೆ ವರ್ಷ ಅಂದ್ರೆ ನಾಲ್ಕು ಕ್ವಾರ್ಟರ್. ಅಜ್ಜನಿಗೆ ಇಪ್ಪತ್ತೇಳು ಭಾಗ. 365 ದಿನವನ್ನ 27 ನಕ್ಷತ್ರಕ್ಕೆ ಹಂಚಿದ್ರೆ ಒಂದಕ್ಕೆ ಸುಮಾರು ಹದಿಮೂರೂವರೆ ದಿನ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಮಳೆಗೆ ಅದೇ ಹೆಸರು. ಜೂನ್ ಕೊನೇಲಿ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ. ಸೆಪ್ಟೆಂಬರ್ ಕೊನೇಲಿ ಹಸ್ತ, ಅಕ್ಟೋಬರ್ ನಡುವೆ ಚಿತ್ತೆ, ಆಮೇಲೆ ಸ್ವಾತಿ.

ಈಗ ಆಕಾಶದಲ್ಲಿ ನಡೀತಿರೋದು ಇಷ್ಟು. ಸೆಪ್ಟೆಂಬರ್ 22–23ರ ಸುಮಾರಿಗೆ ಹಗಲು, ರಾತ್ರಿ ಹೆಚ್ಚುಕಮ್ಮಿ ಸಮ ಆಗುತ್ತೆ, ಸೂರ್ಯ ಭೂಮಧ್ಯರೇಖೆ ದಾಟಿ ದಕ್ಷಿಣಕ್ಕೆ ಹೋಗ್ತಾನೆ. ಹವಾಮಾನ ಇಲಾಖೆ ಪ್ರಕಾರ ನೈಋತ್ಯ ಮುಂಗಾರು ರಾಜಸ್ಥಾನದಿಂದ ವಾಪಸ್ ಹೊರಡೋ ವಾಡಿಕೆ ದಿನ ಸೆಪ್ಟೆಂಬರ್ 17. ಇಡೀ ದೇಶ ಖಾಲಿ ಮಾಡೋದು ಅಕ್ಟೋಬರ್ 15ರ ಹೊತ್ತಿಗೆ. ಮೋಡ ಸರಿದಾಗ ಬಿಸಿಲು ನೇರ ಒದ್ದೆ ನೆಲಕ್ಕೆ ಬೀಳುತ್ತೆ, ನೀರು ಆವಿಯಾಗುತ್ತೆ, ಮಧ್ಯಾಹ್ನ ಮೈಯೆಲ್ಲಾ ಅಂಟಂಟು. ‘ಅಕ್ಟೋಬರ್ ಬಿಸಿಲು’ ಅಂತೀವಲ್ಲ, ಅದೇ. ರಾತ್ರಿ ಮೋಡದ ಹೊದಿಕೆ ಇರಲ್ಲ, ನೆಲದ ಶಾಖ ಮೇಲೆ ಹೋಗಿಬಿಡುತ್ತೆ, ಬೆಳಿಗ್ಗೆ ಇಬ್ಬನಿ. ಒಂದೇ ದಿನದಲ್ಲಿ ಫ್ಯಾನೂ ಬೇಕು, ಹೊದಿಕೆಯೂ ಬೇಕು.

ಇನ್ನು ಮನೆ ಕಥೆಗೆ ಬರ್ತೀನಿ. ನಮ್ಮ ಅಜ್ಜ ಈ ಬೇಸಿಗೆಯಲ್ಲಿ ತೀರಿಕೊಂಡರು. ನವರಾತ್ರಿಗೆ ಮನೆ ಕ್ಲೀನ್ ಮಾಡುವಾಗ ಅಟ್ಟದ ಮೇಲೆ ಒಂದು ಗೋಣಿಚೀಲ ಸಿಕ್ತು. ಒಳಗೆ ಹಳೇ ಗೋಡೆ ಕ್ಯಾಲೆಂಡರ್‌ಗಳು, ಸುತ್ತಿ ದಾರ ಕಟ್ಟಿದ್ದು. ಅಮ್ಮ ಗುಜರಿಗೆ ಹಾಕೋಣ ಅಂದ್ರು. ಅಜ್ಜಿ, “ಅವರ ಅಕ್ಷರ ಇದೆ ಕಣೇ, ಇರ್ಲಿ ಬಿಡು” ಅಂದ್ರು.

ಬಿಚ್ಚಿ ನೋಡಿದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಪಕ್ಕದಲ್ಲಿ ಪೆನ್ಸಿಲಲ್ಲಿ ‘ಮಳೆ’, ‘ಜೋರು’, ‘ಹನಿ’. ಮಳೆ ನೋಡಿದ್ದನ್ನೆಲ್ಲಾ ಬರೆದಿದ್ದಾರೆ.

ನನ್ನ ತಲೇಲಿ ಒಂದು ನೆನಪು ಗಟ್ಟಿಯಾಗಿತ್ತು. ನಾನು ಐದನೇ ಕ್ಲಾಸಲ್ಲಿದ್ದಾಗ ಮಳೆಗೆ ಒಂದು ವಾರ ಪೂರ್ತಿ ಸ್ಕೂಲ್ ರಜೆ ಕೊಟ್ಟಿದ್ರು ಅಂತ. ಫ್ರೆಂಡ್ಸ್ ಹತ್ರ ನೂರು ಸಲ ಹೇಳಿದ್ದೀನಿ, “ನಮ್ಮ ಕಾಲದ ಮಳೆನೇ ಬೇರೆ” ಅಂತ. ಆ ವರ್ಷದ ಹಾಳೆ ತೆಗೆದೆ. ‘ಮಕ್ಕಳಿಗೆ ರಜೆ’ ಅಂತ ಬರೆದಿದ್ದು ಎರಡೇ ದಿನ!

ಯಾಕೆ ಹೀಗಾಗುತ್ತೆ? ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಸಲ 60 ಸೆಕೆಂಡ್ ಕೊರೆಯೋ ನೀರಲ್ಲಿ ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಆಮೇಲೆ ನೀರನ್ನ ಒಂಚೂರು ಬೆಚ್ಚಗೆ ಮಾಡಿ ಇನ್ನೂ 30 ಸೆಕೆಂಡ್. ಯಾವುದನ್ನ ಮತ್ತೆ ಮಾಡ್ತೀರಿ ಅಂದ್ರೆ, ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೆನಪು ಎಷ್ಟು ಹೊತ್ತು ಅಂತ ಅಷ್ಟಾಗಿ ಲೆಕ್ಕ ಇಡಲ್ಲ. ಅತಿ ಜೋರಾದ ಕ್ಷಣ ಮತ್ತು ಕೊನೆ, ಇವೆರಡನ್ನ ಮುಖ್ಯವಾಗಿ ಇಟ್ಕೊಳ್ಳುತ್ತೆ. ನನ್ನ ತಲೆ ಕೂಡ ಎರಡು ಜೋರು ದಿನ ಹಿಡ್ಕೊಂಡು ವಾರ ಮಾಡಿದೆ ಅನ್ಸುತ್ತೆ.

ಹಾಗಂತ ಏನೂ ಬದಲಾಗಿಲ್ಲ ಅಂತ ಅಲ್ಲ. ಆಗಸ್ಟ್ 2019ರ ಹಾಳೆಯಲ್ಲಿ, “ಹೊಳೆ ನೀರು. ನೆಂಟರು ಬಂದರು” ಅಂತಿದೆ. ತುಂಗೆ ಉಕ್ಕಿ ನಗರದ ತಗ್ಗು ಬಡಾವಣೆಗಳಿಗೆ ನುಗ್ಗಿದ ವರ್ಷ ಅದು. ಆಗಸ್ಟ್ 2023ರ ಹಾಳೆಯಲ್ಲಿ ಗ್ಯಾಸ್ ಸಿಲಿಂಡರ್ ಬಿಟ್ರೆ ಬಹುತೇಕ ಖಾಲಿ. ಹವಾಮಾನ ಇಲಾಖೆ ದಾಖಲೆಯಲ್ಲಿ, 1901ರಿಂದ ಈಚೆಗೆ ಇಡೀ ದೇಶಕ್ಕೆ ಅತಿ ಒಣ ಆಗಸ್ಟ್ ಅದೇ. ಆ ಹಾಳೆ ಕೈಯಲ್ಲಿ ಹಿಡ್ಕೊಂಡಾಗ, ಮುಪ್ಪಿನಲ್ಲಿ ಮರೆತು ಬಿಟ್ಟಿರ್ತಾರೆ ಅಂದ್ಕೊಂಡಿದ್ದೆ. ಅಜ್ಜ ಮರೆತಿರಲಿಲ್ಲ, ಬರೆಯೋಕೆ ಮಳೆನೇ ಇರಲಿಲ್ಲ.

ಸರ್ಕಾರಿ ಮಳೆ ಲೆಕ್ಕದ ರೀತಿನೂ ಸಿಂಪಲ್. ಮಳೆಮಾಪಕವನ್ನ ದಿನಾ ಬೆಳಿಗ್ಗೆ 8:30ಕ್ಕೆ ನೋಡ್ತಾರೆ. ಒಂದು ಮಿಲಿಮೀಟರ್ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಎರಡೂವರೆ ಮಿಲಿಮೀಟರ್ ದಾಟಿದ್ರೆ ಅದು ‘ಮಳೆ ದಿನ’. ಆದರೆ ಯಾರ ಮನೆಗೆ ಯಾರು ಬಂದ್ರು ಅನ್ನೋದು ಆ ಪುಸ್ತಕದಲ್ಲಿ ಇರಲ್ಲ. ಅದಕ್ಕೇ ಎರಡೂ ಬೇಕು.

ಕೊನೇದಾಗಿ ಒಂದು. ಪ್ರತಿ ವರ್ಷ ಆಶ್ವಯುಜ ಹುಣ್ಣಿಮೆಗೆ ಅಜ್ಜ ಒಂದು ಸುತ್ತು ಹಾಕಿದ್ದಾರೆ. ಅವತ್ತು ಮಲೆನಾಡಲ್ಲಿ ಭೂಮಿ ಹುಣ್ಣಿಮೆ. ಭತ್ತ ಹೊಡೆ ತುಂಬಿರುತ್ತೆ, ಅಂದ್ರೆ ಪೈರು ಬಸುರಿ. ಬಸುರಿಗೆ ಬಯಕೆ ಊಟ ಬಡಿಸೋ ಹಾಗೆ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ತುಂಬಿಕೊಂಡು ನಸುಕಲ್ಲೇ ಗದ್ದೆಗೆ ಹೋಗಿ ಬಡಿಸ್ತಾರೆ. ನಮ್ಮ ಗದ್ದೆ 2016ರಲ್ಲಿ ಮಾರಾಟವಾಗಿ ಸೈಟ್ ಆಯ್ತು. ಆ ದುಡ್ಡಲ್ಲೇ ನನ್ನ ಕಾಲೇಜು ಫೀಸ್ ಕಟ್ಟಿದ್ದು, ಅದನ್ನ ಮುಚ್ಚಿಡಲ್ಲ. ಆಮೇಲಿನ ಹಾಳೆಗಳಲ್ಲೂ ಆ ಸುತ್ತು ಇದೆ, ಪಕ್ಕದಲ್ಲಿ ಮಾತ್ರ ಏನೂ ಬರೆದಿಲ್ಲ.

ಈ ಸಲದ ಹುಣ್ಣಿಮೆಗೆ ಅಜ್ಜಿ, ಚಿಕ್ಕಪ್ಪನ ಗದ್ದೆಗೆ ಹೋಗೋಣ ಅಂದಿದ್ದಾರೆ. ಬುಟ್ಟಿ ಹೊರೋದು ನಾನು. ಈ ವರ್ಷದ ಕ್ಯಾಲೆಂಡರ್‌ನಲ್ಲಿ ಅಜ್ಜನ ಅಕ್ಷರ ಏಪ್ರಿಲ್‌ಗೆ ನಿಂತಿದೆ. ನಿನ್ನೆ ಸಂಜೆ ಹತ್ತು ನಿಮಿಷ ಹಸ್ತದ ಮಳೆ ಬಂತು. ಪೆನ್ಸಿಲ್ ಹುಡುಕಿ ‘ಹನಿ’ ಅಂತ ಬರೆದೆ.

ನಿಮ್ಮ ಮನೆ ಅಟ್ಟದಲ್ಲೂ ಇಂಥ ಹಾಳೆ ಇದ್ರೆ ಗುಜರಿಗೆ ಹಾಕೋ ಮುಂಚೆ ಫೋಟೋ ತೆಗೀರಿ. ಮನೇಲಿ ಹಿರಿಯರಿದ್ರೆ, ನಿಮಗೆ ನೆನಪಿರೋ ಮಳೆ ಯಾವುದು ಅಂತ ಕೇಳಿ, ವಾಯ್ಸ್ ನೋಟ್ ಕಳ್ಸಿ. ಮುಂದಿನ ವಾರ ಕೇಳಿಸ್ತೀನಿ. ಬರ್ಲಾ?